ಹಿಂಬದಿಯ ತೋಳುಗಳಿಗೆ ಉಕ್ಕಿನ ಕವಚ

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1964ರ ಮಾದರಿಗಳಾಗಿ ಹೊರತಂದ ಷೆವರ್ಲೆ ಷೆವೆಲ್, ಪಾಂಟಿಯಾಕ್ ಜಿಟಿಒ ಮೊದಲಾದ ಕಾರುಗಳು ಮುಂದೆ ‘ಮಸಲ್ ಕಾರ್’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದುವು. ಅವುಗಳ ಎಂಜಿನ್ನಿನ ಕೀರ್ತಿಯನ್ನು ಕೊಂಡಾಡುವವರು ಬಹುಮಂದಿ. ಆ ಎಂಜಿನ್ನಿನ ಬಲವು ನೆಲಕ್ಕೆ ಮುಟ್ಟುವ ಹೊತ್ತಿನಲ್ಲಿ ಹಿಂಬದಿಯ ಆಕ್ಸಲನ್ನು ಚಾಸಿಗೆ ಬಿಗಿದು ನಿಲ್ಲಿಸುವ ನಾಲ್ಕು ಕಂಟ್ರೋಲ್ ಆರ್ಮ್‌ಗಳನ್ನು ನೆನೆಯುವವರು ವಿರಳ.

ಕೆಳಗಿನ ಎರಡು ತೋಳುಗಳು ಆಕ್ಸಲು ಹಿಂದುಮುಂದಾಗದಂತೆ ತಡೆಯುತ್ತವೆ. ಓರೆಯಾಗಿ ನಿಂತ ಮೇಲಿನ ಎರಡು, ಅದು ಪಕ್ಕಕ್ಕೆ ಸರಿಯದಂತೆಯೂ ವೇಗ ಹೆಚ್ಚಿಸುವಾಗ ಉರುಳಿಕೊಳ್ಳದಂತೆಯೂ ಹಿಡಿಯುತ್ತವೆ. ಕಾರ್ಖಾನೆಯಲ್ಲಿ ಇವನ್ನು ತಗಡನ್ನು ಒತ್ತಿ, ಒಂದು ಮಗ್ಗುಲನ್ನು ತೆರೆದೇ ಬಿಟ್ಟು ಮಾಡಿದ್ದರು. ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆಯನ್ನು ತಿರುಚುವುದು ಸುಲಭ, ಮುಚ್ಚಳವನ್ನು ಅಂಟಿಸಿದ ಮೇಲೆ ಕಷ್ಟ. ತೆರೆದ ತೋಳಿಗೆ ಉಕ್ಕಿನ ಪಟ್ಟಿಯನ್ನು ಬೆಸೆದು ಮುಚ್ಚುವ ‘ಬಾಕ್ಸಿಂಗ್’ ಎಂಬ ಕ್ರಿಯೆಯ ತತ್ತ್ವವೂ ಇಷ್ಟೇ.

ತತ್ತ್ವವು ಸರಳವಾದರೂ ಅನುಷ್ಠಾನವು ಸಂಯಮವನ್ನು ಬೇಡುತ್ತದೆ. ಕಾರನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಆಕ್ಸಲಿಗೆ ಆಧಾರ ಕೊಟ್ಟು ತೋಳನ್ನು ಕಳಚಿದ ಮೇಲೆ, ಅದರ ತುದಿಗಳ ರಂಧ್ರಗಳಲ್ಲಿ ಕೂತಿರುವ, ಕಾವಿಗೆ ಸುಟ್ಟುಹೋಗುವ ರಬ್ಬರ್ ಬುಷ್ಷುಗಳನ್ನು ಮೊದಲು ಹೊರತೆಗೆಯತಕ್ಕದ್ದು. ಬಣ್ಣ ಮತ್ತು ತುಕ್ಕುಗಳನ್ನು ಉಜ್ಜಿ ಲೋಹವನ್ನು ಬೆಳಗಿಸಿ, ಸುಮಾರು 3 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಅಳತೆಗೆ ಕತ್ತರಿಸಿ ಕೂಡಿಸಿ, ಅಲ್ಲಲ್ಲಿ ಚುಕ್ಕೆಬೆಸುಗೆ ಹಾಕಿದ ತರುವಾಯ, ಒಮ್ಮೆ ಈ ಕೊನೆಯಲ್ಲಿ ಒಮ್ಮೆ ಆ ಕೊನೆಯಲ್ಲಿ, ನಡುನಡುವೆ ತಣಿಯಲು ಬಿಟ್ಟು, ಸ್ವಲ್ಪಸ್ವಲ್ಪವಾಗಿ ಬೆಸೆಯುತ್ತ ಹೋಗಬೇಕು. ಏಕೆಂದರೆ ಒಂದೇ ಉಸಿರಿಗೆ ಬೆಸೆದ ತೋಳು ಕಾವಿನಿಂದ ಸೊಟ್ಟಗಾಗಿ, ಅದರ ಎರಡು ತುದಿಗಳ ಬುಷ್ ರಂಧ್ರಗಳು ಪರಸ್ಪರ ಸಮಾಂತರವಾಗಿ ಉಳಿಯಲಾರವು. ಮರಳಿ ಜೋಡಿಸುವಾಗಲೂ ಕಾರಿನ ಭಾರವು ಚಕ್ರಗಳ ಮೇಲೆ ಕುಳಿತ ಬಳಿಕವೇ ಬೋಲ್ಟುಗಳನ್ನು ಪೂರ್ಣವಾಗಿ ಬಿಗಿಯತಕ್ಕದ್ದು. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡಿದ್ದು ಅಕಾಲದಲ್ಲಿ ಹರಿಯುತ್ತದೆ.

ಕೆಳಗಿನವಕ್ಕೆ ಹಿತವಾದುದು ಮೇಲಿನವಕ್ಕೂ ಹಿತವೆಂದು ಭಾವಿಸುವುದು ಸಲ್ಲದು. ಒಂದು ಚಕ್ರವು ಏರಿ ಇನ್ನೊಂದು ಇಳಿದಾಗ ನಾಲ್ಕು ತೋಳುಗಳ ಚಲನೆಯ ದಾರಿಗಳು ಒಂದನ್ನೊಂದು ವಿರೋಧಿಸುತ್ತವೆ. ಆ ವಿರೋಧವನ್ನು ರಬ್ಬರಿನ ಮೃದುತ್ವವೂ ಮೇಲಿನ ತೋಳುಗಳ ಅಲ್ಪ ತಿರುಚುವಿಕೆಯೂ ನುಂಗಿಕೊಳ್ಳುತ್ತವೆ. ನಾಲ್ಕನ್ನೂ ಮುಚ್ಚಿ, ಗಡುಸಾದ ಪಾಲಿಯುರೆಥೇನ್ ಬುಷ್ಷುಗಳನ್ನು ತುಂಬಿದರೆ ಸಸ್ಪೆನ್ಷನ್ನು ಸಿಕ್ಕಿಕೊಂಡು, ತಿರುವಿನಲ್ಲಿ ಹಿಂದಿನ ಟೈರು ಹಠಾತ್ತನೆ ಹಿಡಿತ ಕಳೆದುಕೊಳ್ಳುವ ಅಪಾಯವುಂಟು. ಅದೇ ಸಂಸ್ಥೆಯ ಓಲ್ಡ್ಸ್‌ಮೊಬೈಲ್ 442 ಕಾರಿನಲ್ಲಿಯೂ, ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಹಿಂಬದಿಯ ಸ್ವೇ ಬಾರನ್ನು ಹೊರುವುದಕ್ಕಾಗಿ ಕಾರ್ಖಾನೆಯೇ ಮುಚ್ಚಿ ಕೊಟ್ಟುದು ಕೆಳಗಿನ ತೋಳುಗಳನ್ನು.

ಆದುದರಿಂದ ರಸ್ತೆಯ ಮೇಲೆ ಓಡುವ ಹಳೆಯ ಷೆವೆಲ್‌ಗೆ, ಕೆಳಗಿನವನ್ನು ಬಲಪಡಿಸಿ ಮೇಲಿನವಕ್ಕೆ ರಬ್ಬರನ್ನೇ ಉಳಿಸುವುದು ವಿಹಿತ. ಬೆಸುಗೆಯಲ್ಲಿ ಕೈ ಪಳಗದವರು ಈ ಕೆಲಸವನ್ನು ಬಲ್ಲವರಿಗೇ ಒಪ್ಪಿಸಲಿ. ಪ್ರಯಾಣಿಕರ ಪ್ರಾಣವು ಆ ಬೆಸುಗೆಯನ್ನು ನಂಬಿರುತ್ತದೆ.