ನೊಂದ ಮಗುವಿಗೆ ಮತ್ತೊಂದು ಗಾಯವೇ?

ದೌರ್ಜನ್ಯಕ್ಕೊಳಗಾದ ಮಗು ತನ್ನ ನೋವನ್ನು ಎಷ್ಟು ಮಂದಿಯ ಮುಂದೆ ಹೇಳಬೇಕು? ಮೊದಲು ತಾಯಿಗೆ, ಬಳಿಕ ಪೊಲೀಸರಿಗೆ, ವೈದ್ಯರಿಗೆ, ಮ್ಯಾಜಿಸ್ಟ್ರೇಟರಿಗೆ, ಕೊನೆಗೆ ವಿಚಾರಣೆ ನಡೆಸುವ ನ್ಯಾಯಾಲಯಕ್ಕೆ. ಹೇಳಿದಷ್ಟು ಸಲವೂ ಆ ಎಳೆಯ ಮನಸ್ಸು ಘಾಸಿಗೊಳ್ಳುತ್ತದೆ. ಅಪರಾಧಿಯನ್ನು ಶಿಕ್ಷಿಸಿದರೆ ಸರಕಾರದ ಕೆಲಸ ಮುಗಿಯಿತೆಂಬ ಭಾವನೆ ಜನರಲ್ಲಿದೆ. ಈ ಎರಡನೆಯ ಗಾಯವನ್ನು ತಪ್ಪಿಸುವುದೂ ಸರಕಾರದ್ದೇ ಹೊಣೆ.

ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 1992ರಲ್ಲಿ ಒಪ್ಪಿಕೊಂಡಿತು. ಅದರ 19ನೆಯ ವಿಧಿಯು ಮಗುವನ್ನು ಹಿಂಸೆಯಿಂದ ಕಾಪಾಡಬೇಕೆಂದೂ, 39ನೆಯ ವಿಧಿಯು ನೊಂದ ಮಗುವಿನ ದೇಹ, ಮನಸ್ಸುಗಳ ಚೇತರಿಕೆಗೆ ನೆರವಾಗಬೇಕೆಂದೂ ಹೇಳುತ್ತದೆ. ಆದರೂ ಪ್ರತ್ಯೇಕ ಕಾಯಿದೆ ಬರಲು ಮತ್ತೆ 20 ವರ್ಷ ಹಿಡಿಯಿತು! ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದರು. ಬಹುಪಾಲು ಮಕ್ಕಳು ಅದನ್ನು ಯಾರಲ್ಲೂ ಹೇಳಿಕೊಂಡಿರಲಿಲ್ಲ.

2012ರ ಪೋಕ್ಸೊ ಕಾಯಿದೆ ಕಠಿಣ ಶಿಕ್ಷೆಗೆ ಹೆಸರಾಗಿದೆ. ಅದರ ಮೃದುವಾದ ಮುಖವನ್ನು ಬಲ್ಲವರು ವಿರಳ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದೆಡೆಯಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರ ಧರಿಸದೆ ಬರೆದುಕೊಳ್ಳಬೇಕು. ರಾತ್ರಿವೇಳೆ ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಕೂಡದು. ಸಾಕ್ಷ್ಯ ನುಡಿಯುವಾಗ ಆರೋಪಿಯು ಮಗುವಿನ ಕಣ್ಣಿಗೆ ಬೀಳಬಾರದು. ವಕೀಲರ ಪ್ರಶ್ನೆಗಳನ್ನು ನ್ಯಾಯಾಧೀಶರೇ ಮಗುವಿಗೆ ಕೇಳಬೇಕು. ಮತ್ತೆ ಮತ್ತೆ ನ್ಯಾಯಾಲಯಕ್ಕೆ ಕರೆಸಬಾರದು. ನ್ಯಾಯಾಲಯವು ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನಗಳೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು. ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು.

ಕಾಗದದ ಮೇಲೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಆದರೆ ಪರದೆ, ಪ್ರತ್ಯೇಕ ಕೊಠಡಿ, ತರಬೇತಿ ಪಡೆದ ಆಪ್ತಸಮಾಲೋಚಕರು ಇವೆಲ್ಲಕ್ಕೂ ಹಣ ಬೇಕು, ಅದನ್ನು ಆಯವ್ಯಯದಲ್ಲಿ ಒದಗಿಸಬೇಕಾದವರು ಆಳುವವರು. ಕಾಯಿದೆ ಬಂದು ಹತ್ತು ವರ್ಷವಾಗುತ್ತಿದ್ದಾಗ, 2022ರಲ್ಲಿ, ಇಂತಹ ಸಾಕ್ಷಿಗಳಿಗಾಗಿ ಪ್ರತ್ಯೇಕ ಕೇಂದ್ರಗಳನ್ನು ತೆರೆಯುವಂತೆ ಸರ್ವೋಚ್ಚ ನ್ಯಾಯಾಲಯವೇ ನಿರ್ದೇಶನ ನೀಡಬೇಕಾಯಿತು. ಮತ ಯಾಚಿಸಿ ಮನೆಬಾಗಿಲಿಗೆ ಬರುವ ಅಭ್ಯರ್ಥಿಗಳನ್ನು ರಸ್ತೆ, ಚರಂಡಿಗಳ ಬಗ್ಗೆ ಕೇಳುವ ನಾವು, ಜಿಲ್ಲಾ ನ್ಯಾಯಾಲಯದಲ್ಲಿ ಮಕ್ಕಳಿಗೊಂದು ಕೋಣೆ ಇದೆಯೇ ಎಂದೂ ವಿಚಾರಿಸಬಾರದೇಕೆ?

ಮನೆತನದ ಮರ್ಯಾದೆಗೆ ಅಂಜಿ ಸುಮ್ಮನಿರುವ ಕುಟುಂಬಗಳುಂಟು. ದೌರ್ಜನ್ಯ ನಡೆದಿರುವುದು ತಿಳಿದ ಯಾರೇ ಆಗಲಿ ಅದನ್ನು ಪೊಲೀಸರಿಗೆ ತಿಳಿಸಬೇಕೆಂದು ಇದೇ ಕಾಯಿದೆಯ 19ನೆಯ ಕಲಮು ವಿಧಿಸುತ್ತದೆ. ನಮ್ಮ ಶಾಲೆಗಳಿಗೂ ವಿದ್ಯಾರ್ಥಿನಿಲಯಗಳಿಗೂ ಇದರಿಂದ ವಿನಾಯಿತಿಯಿಲ್ಲ. ಸಂಕಟದಲ್ಲಿರುವ ಮಗುವಿಗಾಗಿ 1098 ಎಂಬ ಉಚಿತ ಸಹಾಯವಾಣಿ ಹಗಲಿರುಳೂ ಇದೆ.