ಒಳಗಣ ಸರಪಣಿ

ಮೋಟಾರ್ ಸೈಕಲ್ಲಿನ ಹಿಂಚಕ್ರವನ್ನು ತಿರುಗಿಸುವ ಸರಪಣಿಯನ್ನು ಎಲ್ಲರೂ ಬಲ್ಲರು. ಅದಕ್ಕೆ ಎಣ್ಣೆ ಬಿಡುವವರು, ಸಡಿಲವಾದಾಗ ಬಿಗಿಸುವವರು, ಸವೆದಾಗ ಬದಲಿಸುವವರು ಬಹುಮಂದಿ. ಆದರೆ ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿಯನ್ನು ಮೊದಲು ಕ್ಲಚ್ಚಿಗೂ, ಅದರ ಮುಖಾಂತರ ಗೇರುಪೆಟ್ಟಿಗೆಗೂ ಒಯ್ದು ಮುಟ್ಟಿಸುವ ಇನ್ನೊಂದು ಸರಪಣಿಯು, ಮುಚ್ಚಳದ ಮರೆಯಲ್ಲಿ ಎಣ್ಣೆಯೊಳಗೆ ಮಿಂದು, ಯಾರ ಕಣ್ಣಿಗೂ ಬೀಳದೆ ವರುಷಗಟ್ಟಲೆ ದುಡಿಯುತ್ತಿರುತ್ತದೆಂಬುದು, ಗಾಡಿಯನ್ನು ಪ್ರತಿನಿತ್ಯ ಏರುವವರಲ್ಲಿಯೂ ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಅದು ಪ್ರೈಮರಿ ಚೈನು.

ಕನ್ನಡ ನಾಡಿಗೆ ಈ ವಿಚಾರವು ಪರಕೀಯವಾದುದಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು ಜೆಕೊಸ್ಲೊವಾಕಿಯದ ವಿನ್ಯಾಸವನ್ನು ಆಧರಿಸಿ, 1961ರಿಂದ ಮೊದಲು ಜಾವಾ ಎಂಬ ಹೆಸರಿನಲ್ಲಿಯೂ ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿಯೂ ಗಾಡಿಗಳನ್ನು ತಯಾರಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆಯು ಹೋದರೂ ಅದರ ಗಾಡಿಗಳು ಹೋಗಲಿಲ್ಲ. 1898ರ ಪ್ಲೇಗಿನ ತರುವಾಯ ಬೆಳೆದ ಬೆಂಗಳೂರಿನ ನಮ್ಮ ಮಲ್ಲೇಶ್ವರಂ ಬಡಾವಣೆಯಲ್ಲಿ, ಸಂಪಿಗೆ ರಸ್ತೆಗೂ ಮಾರ್ಗೋಸಾ ರಸ್ತೆಗೂ ನಡುವಣ ಅಡ್ಡರಸ್ತೆಗಳಲ್ಲಿ, ಹಳೆಯ ಮನೆಯ ಗೇಟಿನೊಳಗೆ ಅಂಥ ಗಾಡಿಯೊಂದು ಇಂದಿಗೂ ನಿಂತಿರುವುದುಂಟು. ನಮ್ಮ ಮನೆಯಲ್ಲಿರುವುದು ತಂದೆಯವರು ಓಡಿಸುತ್ತಿದ್ದ ಯೆಜ್ಡಿ. ಅದರ ಸಂಬಂಧವಾಗಿ ಮಾಡಿದ ಪ್ರತಿಯೊಂದು ವೆಚ್ಚವನ್ನೂ ಅವರು ತೇದಿ ಮತ್ತು ಕಿಲೋಮೀಟರು ಸಹಿತವಾಗಿ ಒಂದು ರೂಲುಪುಸ್ತಕದಲ್ಲಿ ಬರೆದಿಡುತ್ತಿದ್ದರು.

ಈ ಗಾಡಿಯಲ್ಲಿ ಎಂಜಿನ್ನೂ ಗೇರುಪೆಟ್ಟಿಗೆಯೂ ಒಂದೇ ಚಿಪ್ಪಿನೊಳಗೆ ಅಡಗಿವೆ. ಎಡಮಗ್ಗುಲ ಮುಚ್ಚಳವನ್ನು ತೆಗೆದರೆ, ಎಂಜಿನ್ನಿನ ತಿರುಗುಕಡ್ಡಿಯ (ಕ್ರಾಂಕಿನ) ತುದಿಯಲ್ಲಿ ಒಂದು ಚಿಕ್ಕ ಹಲ್ಲುಗಾಲಿ, ಹಿಂದುಗಡೆ ಕ್ಲಚ್ ಹೌಸಿಂಗಿನ ದೊಡ್ಡ ಹಲ್ಲುಗಾಲಿ, ಎರಡನ್ನೂ ಬಳಸಿಬಂದ, ಕೂಡುಕೊಂಡಿಯಿಲ್ಲದ ಅಖಂಡ ಸರಪಣಿ ಕಾಣುತ್ತವೆ. ಮದರಾಸಿನ ಹಳೆಯ ಬುಲೆಟ್ಟಿನಲ್ಲಿ ಎಂಜಿನ್ನೇ ಬೇರೆ, ಗೇರುಪೆಟ್ಟಿಗೆಯೇ ಬೇರೆ; ಅಲ್ಲಿ ಜೋಡಿಸಾಲಿನ ಸರಪಣಿಯ ಕೆಳಗೆ ಒತ್ತುಪಟ್ಟಿಯೊಂದನ್ನಿಟ್ಟು, ಸಡಿಲವು ಸುಮಾರು 6 ಮಿ.ಮೀ. ಉಳಿಯುವಂತೆ ಆಗಾಗ ಬಿಗಿಸಿಕೊಳ್ಳುವ ಅನುಕೂಲವನ್ನು ಕಲ್ಪಿಸಿದ್ದಾರೆ. ಜಾವಾ, ಯೆಜ್ಡಿಗಳಲ್ಲಿ ಆ ಅನುಕೂಲವಿಲ್ಲ. ಎರಡು ಹಲ್ಲುಗಾಲಿಗಳ ಅಂತರವು ಎರಕದಲ್ಲಿಯೇ ಸ್ಥಿರವಾಗಿರುವುದರಿಂದ, ಸರಪಣಿಯು ಸಡಿಲವಾದರೆ ಬದಲಿಸುವುದೊಂದೇ ಉಪಾಯ.

ಸರಪಣಿ ಉದ್ದವಾಯಿತೆಂದು ನಾವು ಹೇಳುವುದುಂಟಾದರೂ, ಉಕ್ಕು ರಬ್ಬರಿನಂತೆ ಹಿಗ್ಗಿತೆಂದು ಅದರ ಅರ್ಥವಲ್ಲ. ಪ್ರತಿಯೊಂದು ಕೀಲಿನಲ್ಲಿಯೂ ಒಂದು ಗೂಟ, ಅದರ ಸುತ್ತ ಒಂದು ಬುಶ್ಶು, ಅದರ ಮೇಲೆ ಉರುಳುವ ರೋಲರು ಎಂಬ ಕ್ರಮವನ್ನು ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದನು. ಇಂದಿಗೂ ಸರಪಣಿಯ ಆಯುಸ್ಸು ಆ ಗೂಟಕ್ಕೂ ಬುಶ್ಶಿಗೂ ನಡುವಣ ಘರ್ಷಣೆಯನ್ನೇ ಅವಲಂಬಿಸಿದೆ. ಅರುವತ್ತು ಕೀಲುಗಳ ಸರಪಣಿಯೊಂದನ್ನು ಊಹಿಸಿಕೊಂಡು, ಒಂದೊಂದು ಕೀಲಿನಲ್ಲಿ 0.05 ಮಿ.ಮೀ., ಎಂದರೆ ತಲೆಗೂದಲಿನ ದಪ್ಪದಷ್ಟು ಮಾತ್ರ ಸವೆತವಾಯಿತೆಂದುಕೊಂಡರೂ, ಒಟ್ಟು ಉದ್ದವು 3 ಮಿ.ಮೀ. ಹೆಚ್ಚಿತು. ಆಗ ಕೊಂಡಿಗಳು ಹಲ್ಲಿನ ಬುಡದಲ್ಲಿ ಕುಳಿತುಕೊಳ್ಳದೆ ಮೇಲೇರುತ್ತವೆ. ಹಲ್ಲುಗಳು ಸವೆಯುತ್ತ ಸವೆಯುತ್ತ ಕೊಕ್ಕೆಯಂತೆ ಬಾಗುತ್ತವೆ. ಹೀಗೆ ಸರಪಣಿಯೂ ಹಲ್ಲುಗಾಲಿಯೂ ಒಂದರ ದೋಷಕ್ಕೆ ಇನ್ನೊಂದು ಹೊಂದಿಕೊಂಡು, ಜೊತೆಜೊತೆಯಾಗಿಯೇ ಮುಪ್ಪಾಗುತ್ತವೆ.

ಈ ತತ್ತ್ವವನ್ನು ನಾನು ನಷ್ಟ ಅನುಭವಿಸಿ ಕಲಿತೆನು. ಕೆಲವು ವರ್ಷಗಳ ಕೆಳಗೆ ಎಡಮಗ್ಗುಲಿಂದ ಗರಗರ ಸದ್ದು ಕೇಳಿಬಂದಾಗ, ಖರ್ಚು ಉಳಿದೀತೆಂಬ ಆಸೆಯಿಂದ ಬರಿಯ ಸರಪಣಿಯನ್ನು ಮಾತ್ರ ಹೊಸದಾಗಿ ಹಾಕಿಸಿದೆ. ಬಾಗಿದ ಹಳೆಯ ಹಲ್ಲುಗಳ ಮೇಲೆ ಹೊಸ ಕೊಂಡಿಗಳು ಸರಿಯಾಗಿ ಕೂರಲಿಲ್ಲ. ಹತ್ತು ಹಲ್ಲುಗಳು ಹಂಚಿಕೊಳ್ಳಬೇಕಾದ ಭಾರವು ಒಂದೆರಡರ ಮೇಲೆಯೇ ಬಿದ್ದು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸದ್ದು ಮರಳಿತು. ಎಣ್ಣೆಯನ್ನು ಬಸಿದು ನೋಡಿದರೆ ತಟ್ಟೆಯ ತಳದಲ್ಲಿ ಉಕ್ಕಿನ ಪುಡಿಯು ಬಿಸಿಲಿಗೆ ಮಿನುಗುತ್ತಿತ್ತು.

ಆದುದರಿಂದ ಎರಡನೆಯ ಸಲ ಕೆಲಸವನ್ನು ಕ್ರಮವಾಗಿ ಮಾಡಿಸಬೇಕೆಂದು ನಿಶ್ಚಯಿಸಿ, ಮೋಟಾರು ಬಿಡಿಭಾಗಗಳ ಸಂತೆಯೇ ಆಗಿರುವ ಜೆ.ಸಿ. ರಸ್ತೆಗೆ ಹೋಗಿ, ಸರಪಣಿಯನ್ನೂ ಎರಡು ಹಲ್ಲುಗಾಲಿಗಳನ್ನೂ ಒಂದೇ ಸೆಟ್ಟಾಗಿ ಆರಿಸಿ ತಂದೆನು. ಮೇಲ್ದರ್ಜೆಯ ಸಾಮಗ್ರಿಯೆಂದರೆ ಹೊಳಪಿನ ಸಾಮಗ್ರಿಯಲ್ಲ. ಹಲ್ಲುಗಳ ಮೇಲ್ಮೈ ತಕ್ಕಷ್ಟು ಗಡುಸಾಗಿರಬೇಕು, ಕಡ್ಡಿಯ ಮೇಲೆ ಓಲಾಡದೆ ಕೂರಬೇಕು, ಸರಪಣಿಯ ಪ್ರತಿಯೊಂದು ಕೀಲೂ ಬೆರಳಿಗೆ ತೊಡಕಿಲ್ಲದೆ ಮಡಿಯಬೇಕು. ಇವುಗಳೊಡನೆ ಕ್ಲಚ್ ಹೌಸಿಂಗಿನ ಬುಶ್ಶು, ಪ್ಲೇಟುಗಳು, ಸ್ಪ್ರಿಂಗುಗಳು, ಪ್ಯಾಕಿಂಗು, ನಟ್ಟಿನ ಲಾಕ್ ವಾಷರುಗಳನ್ನೂ ಪರೀಕ್ಷಿಸಿ ಬದಲಿಸುವುದು ವಿವೇಕ. ಎಲ್ಲಕ್ಕಿಂತ ಮುಖ್ಯವಾದುದು ಎಡಗಡೆಯ ಆಯಿಲ್ ಸೀಲು. ಎರಡು ಸ್ಟ್ರೋಕಿನ ಈ ಎಂಜಿನ್ನಿನಲ್ಲಿ ಆ ಸೀಲು ಸೋತಿತೆಂದರೆ, ಗೇರಿನ ಎಣ್ಣೆಯು ಎಂಜಿನ್ನಿನೊಳಕ್ಕೆ ಹೀರಲ್ಪಟ್ಟು, ಸೈಲೆನ್ಸರಿನಿಂದ ಬೆಳ್ಳಗಿನ ದಟ್ಟ ಹೊಗೆಯಾಗಿ ಹೊರಬೀಳುತ್ತದೆ.

ನಮ್ಮ ಬಡಾವಣೆಯ ಹಿರಿಯ ಮೆಕ್ಯಾನಿಕ್ಕರೊಬ್ಬರು ಮುಚ್ಚಳವನ್ನು ತೆರೆದ ಮೇಲೆ ಸುತ್ತಿಗೆಯನ್ನು ದೂರ ಸರಿಸಿದರು. ಚಿಕ್ಕ ಹಲ್ಲುಗಾಲಿಯು ಓರೆಯಾಗಿ ಕಡೆದ ತುದಿಯನ್ನು ಕಚ್ಚಿಕೊಂಡಿರುವುದರಿಂದ ಪುಲ್ಲರಿನಿಂದಲೇ ಎಳೆಯಬೇಕು. ಒತ್ತಿ ಜೋಡಿಸಿದ ಕ್ರಾಂಕಿಗೆ ಪೆಟ್ಟು ಬಿದ್ದರೆ ಅದರ ನೇರವೇ ಕೆಟ್ಟುಹೋಗುತ್ತದೆ. ಸರಪಣಿಯು ಅಖಂಡವಾದುದರಿಂದ ಹಲ್ಲುಗಾಲಿಯನ್ನೂ ಕ್ಲಚ್ ಹೌಸಿಂಗನ್ನೂ ಒಟ್ಟಿಗೇ ಈಚೆಗೆ ತಂದು, ಹೊಸವನ್ನು ಒಟ್ಟಿಗೇ ಏರಿಸಿದರು. ಎರಡೂ ಒಂದೇ ಗೆರೆಯಲ್ಲಿವೆಯೆ ಎಂದು ಪಟ್ಟಿಯಿಟ್ಟು ನೋಡಿ, ಕಡೆಗೆ ಹೊಸ ಎಣ್ಣೆ ತುಂಬಿದರು. ಆ ಎಣ್ಣೆಯೂ ಕಾರಿನದಾಗಬಾರದು. ಇಲ್ಲಿ ಕ್ಲಚ್ಚು ಎಣ್ಣೆಯಲ್ಲಿಯೇ ಮುಳುಗಿರುವುದರಿಂದ, ಘರ್ಷಣೆಯನ್ನು ಅತಿಯಾಗಿ ತಗ್ಗಿಸುವ ಎಣ್ಣೆಯು ಪ್ಲೇಟುಗಳನ್ನು ಜಾರಿಸಿಬಿಡುತ್ತದೆ.

ವೇಗಕ್ಕಾಗಿ ಚಿಕ್ಕ ಗಾಲಿಗೆ ಒಂದು ಹಲ್ಲು ಹೆಚ್ಚಿಸಿದರೆ ಹೇಗೆಂದು ಯುವಕರು ಕೇಳುತ್ತಾರೆ. ಅಂತರವು ಸ್ಥಿರವಾಗಿರುವ ಜಾವಾದಲ್ಲಿ, ಅದೇ ಉದ್ದದ ಸರಪಣಿಯನ್ನಿಟ್ಟುಕೊಂಡು ಅದು ಸಾಧ್ಯವಾಗದು. ಅಂಥ ಪ್ರಯೋಗಕ್ಕೆ ಹೊರಗಣ ಸರಪಣಿಯ ಹಲ್ಲುಗಾಲಿಯೇ ತಕ್ಕ ಸ್ಥಾನ. ಹೊಸ ಗಾಡಿಗಳಲ್ಲಿಯಾದರೋ ಒಳಸರಪಣಿಯೇ ಮಾಯವಾಗುತ್ತಿದೆ: 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರಿನಲ್ಲಿ ಅದರ ಕೆಲಸವನ್ನು ಗೇರುಚಕ್ರಗಳೇ ವಹಿಸಿಕೊಂಡಿವೆ. ಹಾಗಿರುವಾಗ ಉಳಿದಿರುವ ಹಳೆಯ ಗಾಡಿಗಳನ್ನು ಅರೆಬರೆ ರಿಪೇರಿಯಿಂದ ಹಾಳುಗೆಡಹದೆ ಕಾಯ್ದುಕೊಳ್ಳುವುದು ನಮ್ಮ ಹೊಣೆ.

ಕೆಲಸ ಮುಗಿದ ಸಂಜೆ, ಗೇರುಕಡ್ಡಿಯನ್ನೇ ಮಡಿಸಿ ಕಿಕ್ಕರಾಗಿಸಿಕೊಂಡು ಒಂದು ಸಲ ಒದ್ದೆ. ಎಡಮಗ್ಗುಲು ಮೌನವಾಗಿತ್ತು. ಮನೆಗೆ ಬಂದು ತಂದೆಯವರ ರೂಲುಪುಸ್ತಕವನ್ನು ತೆಗೆದು ನೋಡಿದರೆ, ಬಹುಕಾಲದ ಹಿಂದಿನ ಒಂದು ಪುಟದಲ್ಲಿ ‘ಪ್ರೈಮರಿ ಚೈನು, ಎರಡು ಸ್ಪ್ರಾಕೆಟ್ಟು, ಸೀಲು’ ಎಂದು ಅವರ ಅಕ್ಷರದಲ್ಲಿಯೇ ಬರೆದಿತ್ತು. ಅದೇ ಕ್ರಮದಲ್ಲಿ, ಕಿಲೋಮೀಟರನ್ನೂ ತೇದಿಯನ್ನೂ ಸೇರಿಸಿ, ನಾನೂ ಒಂದು ಸಾಲು ಬರೆದೆನು.