ಮನೆ ಮುಂದಿನ ಎಡವುಗಲ್ಲು

ಬರ್ಲಿನ್, ಹ್ಯಾಂಬರ್ಗ್, ಕಲೋನ್‌ನಂಥ ಊರುಗಳ ಫುಟ್‌ಪಾತ್‌ನಲ್ಲಿ, ಕೆಲವು ಮನೆಗಳ ಬಾಗಿಲ ಎದುರಿಗೆ, ಅಂಗೈಯಗಲದ ಹಿತ್ತಾಳೆಯ ಚೌಕಗಳು ಕಾಣುತ್ತವೆ. ಜರ್ಮನರು ಅವನ್ನು ಸ್ಟೋಲ್ಪರ್‌ಸ್ಟೈನ್ ಎನ್ನುತ್ತಾರೆ, ಎಂದರೆ ಎಡವುಗಲ್ಲು. ನಿಜವಾಗಿ ಕಾಲಿಗೆ ತೊಡರುವುದಿಲ್ಲ, ನೆಲಕ್ಕೆ ಸಮನಾಗಿಯೇ ಕೂತಿರುತ್ತವೆ. ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು: ಆ ಮನೆಯಲ್ಲಿದ್ದು, ನಾಜಿಗಳ ಕೈಗೆ ಸಿಕ್ಕವರದು. ಗುಂಟರ್ ಡೆಮ್ನಿಗ್ ಎಂಬ ಶಿಲ್ಪಿ 1992ರಲ್ಲಿ ಆರಂಭಿಸಿದ ಈ ಕೆಲಸದ ಒಂದು ಲಕ್ಷನೆಯ ಕಲ್ಲು 2023ರ ಮೇ 26ರಂದು ನ್ಯೂರೆಂಬರ್ಗ್‌ನಲ್ಲಿ ನೆಲ ಸೇರಿತು.

ಇವನ್ನು ಸ್ಮಾರಕ ಎಂದಷ್ಟೇ ಕರೆಯುವುದು ವಾಡಿಕೆ. ಹುಟ್ಟಿದ್ದು ಮಾತ್ರ ಪ್ರತಿಭಟನೆಯಾಗಿ. 1940ರ ಮೇ ತಿಂಗಳಲ್ಲಿ ಕಲೋನ್‌ನಿಂದ ಆಗ ಜಿಪ್ಸಿಗಳೆಂದು ಕರೆಯುತ್ತಿದ್ದ 1,000 ರೋಮಾ ಮತ್ತು ಸಿಂತಿ ಜನರನ್ನು ನಾಜಿಗಳು ರೈಲಿನಲ್ಲಿ ಸಾಗಹಾಕಿದ್ದರು. ಐವತ್ತು ವರ್ಷದ ಬಳಿಕ ಡೆಮ್ನಿಗ್ ಅವರು ಬಣ್ಣದ ಅಕ್ಷರ ಒತ್ತುವ ಚಕ್ರವೊಂದನ್ನು ಉರುಳಿಸುತ್ತ, ಅವರನ್ನು ರೈಲು ನಿಲ್ದಾಣಕ್ಕೆ ಒಯ್ದ ದಾರಿಯನ್ನು ಬೀದಿಯ ಮೇಲೆ ಬರೆದರು. ಆಮೇಲೆ ಆ ಗುರುತನ್ನು ನವೀಕರಿಸುವಾಗ ಒಬ್ಬ ಅಜ್ಜಿ ಬಂದು, ನಮ್ಮ ಕೇರಿಯಲ್ಲಿ ಅಂಥವರು ಇರಲೇ ಇಲ್ಲ ಎಂದು ವಾದಿಸಿದರಂತೆ. ಅವರು ಬೇಕೆಂದು ಸುಳ್ಳಾಡುತ್ತಿರಲಿಲ್ಲ. ಪಕ್ಕದ ಮನೆಯವರು ರೋಮಾ ಎಂಬುದೇ ಅವರಿಗೆ ತಿಳಿದಿರಲಿಲ್ಲ, ಅಷ್ಟು ಸಹಜವಾಗಿ ಅವರೆಲ್ಲ ಒಟ್ಟಿಗೆ ಬಾಳಿದ್ದರು.

1992 ಜರ್ಮನಿಗೆ ಕೆಟ್ಟ ವರ್ಷ. ಆಗಸ್ಟ್‌ನಲ್ಲಿ ರೋಸ್ಟಾಕ್‌ನ ಲಿಖ್ಟನ್‌ಹಾಗನ್ ಬಡಾವಣೆಯಲ್ಲಿ ನಿರಾಶ್ರಿತರ ವಸತಿಯ ಮೇಲೂ ವಿಯೆಟ್ನಾಂ ಕಾರ್ಮಿಕರ ಮೇಲೂ ಗುಂಪು ದಾಳಿಯಾಯಿತು. ನವೆಂಬರ್‌ನಲ್ಲಿ ಮ್ಯೋಲ್ನ್ ಊರಿನಲ್ಲಿ ಮನೆಗಳಿಗೆ ಬೆಂಕಿಯಿಟ್ಟು ಟರ್ಕಿ ಮೂಲದ ಮೂವರನ್ನು ಕೊಂದರು. ಯುಗೊಸ್ಲಾವಿಯಾದಿಂದ ಓಡಿಬಂದ ರೋಮಾ ಜನರನ್ನು ಜರ್ಮನಿಯಲ್ಲಿ ಇರಗೊಡಬೇಕೇ ಎಂಬ ಜಗಳ ನಡೆದಿತ್ತು. ಅದೇ ವರ್ಷದ ಡಿಸೆಂಬರ್ 16ರಂದು ಡೆಮ್ನಿಗ್ ಮೊದಲ ಕಲ್ಲನ್ನು ಕಲೋನ್ ಪುರಭವನದ ಮುಂದೆ ಹೂತರು. ರೋಮಾ, ಸಿಂತಿ ಜನರನ್ನು ಆಶ್ವಿಟ್ಜ್ ಕೊಲೆ ಶಿಬಿರಕ್ಕೆ ಕಳಿಸಲು ನಾಜಿ ನಾಯಕ ಹಿಮ್ಲರ್ ಆದೇಶ ಹೊರಡಿಸಿ ಅಂದಿಗೆ ಸರಿಯಾಗಿ 50 ವರ್ಷ. ಕಲ್ಲಿನ ಮೇಲಿದ್ದದ್ದು ಆ ಆದೇಶದ ಆರಂಭದ ಸಾಲುಗಳು. ಆಗಿನ ನಿರಾಶ್ರಿತರ ಭವಿಷ್ಯ ನಿರ್ಧರಿಸುವವರು ಅದನ್ನು ದಾಟಿಯೇ ಒಳಹೋಗಬೇಕಿತ್ತು.

ಮನೆಗಳೆದುರಿನ ಹೆಸರಿನ ಕಲ್ಲುಗಳು ಆಮೇಲೆ ಬಂದವು. ಆರಂಭದ ಕೆಲವಕ್ಕೆ ಯಾರ ಪರವಾನಗಿಯೂ ಇರಲಿಲ್ಲ. 1996ರಲ್ಲಿ ಬರ್ಲಿನ್‌ನ ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಐವತ್ತಕ್ಕೂ ಹೆಚ್ಚು ಕಲ್ಲುಗಳನ್ನು ಡೆಮ್ನಿಗ್ ಹೇಳದೆ ಕೇಳದೆ ಹಾಕಿದರು. ರಸ್ತೆ ಕಾಮಗಾರಿಗೆ ಅಡ್ಡ ಬಂದಾಗಲೇ ಅಧಿಕಾರಿಗಳಿಗೆ ಗೊತ್ತಾದದ್ದು. ಕೀಳಲು ಹೇಳಿದರೆ ಕೆಲಸಗಾರರು ಒಪ್ಪಲಿಲ್ಲ. ಅಧಿಕಾರಿಗಳು ಬಂದು ನೋಡಿ, ಕೊನೆಗೆ ಸಕ್ರಮ ಮಾಡಿದರು. ಆ ಕೆಲಸಗಾರರಿಗೆ ಈ ಕಥೆಯಲ್ಲಿ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಎಂದು ನನಗನ್ನಿಸುತ್ತದೆ.

ಈಗ ಎಲ್ಲಕ್ಕೂ ಕ್ರಮವಿದೆ. ಸರ್ಕಾರ ಯೋಜನೆ ಹಾಕಿ ಕಲ್ಲು ನೆಡುವುದಿಲ್ಲ. ಯಾರಾದರೂ ಮುಂದೆ ಬರಬೇಕು. ಬಂಧುಗಳು, ಶಾಲೆಯೊಂದರ ಮಕ್ಕಳು, ಈಗ ಆ ಮನೆಯಲ್ಲಿ ಬಾಡಿಗೆಗಿರುವವರು, ಯಾರೂ ಆಗಬಹುದು. ಮೊದಲ ಕೆಲಸ ಹುಡುಕಾಟ: ರೈಲುಗಳಲ್ಲಿ ಸಾಗಹಾಕಿದವರ ಪಟ್ಟಿಗಳು, ಹಳೆಯ ವಿಳಾಸ ಪುಸ್ತಕಗಳು, ಜರ್ಮನಿಯ ರಾಷ್ಟ್ರೀಯ ಪತ್ರಾಗಾರದ ಸ್ಮೃತಿಗ್ರಂಥ, ನಾಜಿ ಸಂತ್ರಸ್ತರ ಕುರಿತ ಆರೊಲ್ಸನ್ ಸಂಗ್ರಹದ ದಾಖಲೆಗಳು. ವಿಳಾಸ ಸಿಕ್ಕರೆ ಸಾಲದು. ಆ ವ್ಯಕ್ತಿ ತಾನಾಗಿ ಆರಿಸಿಕೊಂಡು ವಾಸವಿದ್ದ ಕೊನೆಯ ಮನೆ ಅದಾಗಿರಬೇಕು. ನಾಜಿಗಳು ಬಲವಂತವಾಗಿ ತುಂಬಿಸಿದ ವಠಾರಗಳು ಲೆಕ್ಕಕ್ಕಿಲ್ಲ. ಬದುಕುಳಿದ ಬಂಧುಗಳು ಎಲ್ಲಿದ್ದರೂ ಪತ್ತೆ ಮಾಡಿ ತಿಳಿಸಲು ಪ್ರಯತ್ನಿಸುತ್ತಾರೆ. ಫುಟ್‌ಪಾತ್ ನಗರಾಡಳಿತದ್ದಾದ್ದರಿಂದ ಅಲ್ಲಿಂದ ಅನುಮತಿ ಪಡೆಯಬೇಕು. ಜರ್ಮನಿಯಲ್ಲಿ ಒಂದು ಕಲ್ಲಿಗೆ ಹಲವು ವರ್ಷ 120 ಯೂರೊ ಇತ್ತು; ಅದನ್ನು ಕೊಡುವವರು ಜನರೇ. ಈ ಅಲೆದಾಟವೇ ಶಿಲ್ಪದ ಅರ್ಧ ಭಾಗ ಎಂದು ನಾನು ನಂಬುತ್ತೇನೆ. ಹದಿನೈದು ವರ್ಷದ ಹುಡುಗಿಯೊಬ್ಬಳು ತನ್ನದೇ ಬೀದಿಯಿಂದ ಒಯ್ದ ತನ್ನದೇ ವಯಸ್ಸಿನವಳ ಹೆಸರನ್ನು ಪಟ್ಟಿಯಲ್ಲಿ ಕಂಡಾಗ ಆಗುವುದನ್ನು ಚೌಕದಲ್ಲಿ ನಿಲ್ಲಿಸಿದ ದೊಡ್ಡ ಪ್ರತಿಮೆ ಮಾಡಲಾರದು.

ಕಲ್ಲು ಎಂದರೆ ಸುಮಾರು 10 ಸೆಂಟಿಮೀಟರ್ ಅಳತೆಯ ಕಾಂಕ್ರೀಟ್ ಘನ, ಮೇಲೆ ಹಿತ್ತಾಳೆಯ ತಗಡಿನ ಹೊದಿಕೆ. 2005ರಿಂದ ಇದನ್ನು ಮಾಡುವ ಹೊಣೆ ಹೊತ್ತವರು ಮಿಖಾಯೆಲ್ ಫ್ರೀಡ್ರಿಕ್ಸ್ ಫ್ರೀಡ್‌ಲೆಂಡರ್. ಒಂದೊಂದು ಅಕ್ಷರವನ್ನೂ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದು ಮೂಡಿಸಬೇಕು. ಯಂತ್ರ ಇಟ್ಟರೆ ದಿನಕ್ಕೆ ನೂರಾರು ಮಾಡಬಹುದಿತ್ತು. ಕೊಂದದ್ದು ಕಾರ್ಖಾನೆಯಂತೆ, ನೆನೆಯುವುದೂ ಹಾಗಾಗಬಾರದು ಎಂಬುದು ಡೆಮ್ನಿಗ್ ನಿಲುವು.

ಬರಹ ಬಲು ಚಿಕ್ಕದು. ‘ಇಲ್ಲಿ ವಾಸವಿದ್ದರು’ ಎಂದು ಶುರುವಾಗಿ ಹೆಸರು, ಹುಟ್ಟಿದ ವರ್ಷ, ಬಂಧಿಸಿದ ಅಥವಾ ಸಾಗಹಾಕಿದ ವರ್ಷ, ಕೊನೆಗೆ ಏನಾಯಿತು ಎಂಬುದು. ಗತಿಸಿದರು ಎಂದು ಬರೆದು ಮುಗಿಸುವುದಿಲ್ಲ, ಕೊಲ್ಲಲಾಯಿತು ಎಂದೇ ಇರುತ್ತದೆ. ಹಿಂಸೆಗೆ ಹೆದರಿ ತಾವೇ ಜೀವ ಕಳೆದುಕೊಂಡವರಿಗೆ ‘ಸಾವಿನೊಳಕ್ಕೆ ಪಲಾಯನ’ ಎಂದು ಬರೆಯುತ್ತಾರೆ. ದೇಶ ಬಿಟ್ಟು ಪಾರಾದವರಿಗೂ ಕಲ್ಲುಂಟು, ಚದುರಿಹೋದ ಕುಟುಂಬ ಒಂದೆಡೆ ಸೇರಲಿ ಎಂದು. ಯಹೂದಿಗಳಲ್ಲದೆ ರೋಮಾ, ಸಿಂತಿ ಜನ, ಸಲಿಂಗಿಗಳು, ಯೆಹೋವನ ಸಾಕ್ಷಿಗಳು, ರಾಜಕೀಯ ವಿರೋಧಿಗಳು, ಆಸ್ಪತ್ರೆಗಳಲ್ಲಿ ಕೊಲ್ಲಲ್ಪಟ್ಟ ಅಂಗವಿಕಲರು ಮತ್ತು ಮನೋರೋಗಿಗಳು ಇದರಲ್ಲಿ ಸೇರಿದ್ದಾರೆ. ಒಂದು ತಪ್ಪನ್ನೂ ಹೇಳಲೇಬೇಕು. ನಾಜಿಗಳು ಹೊರಿಸಿದ ಅವಮಾನಕರ ಆರೋಪಗಳನ್ನು ಕೆಲವು ಕಲ್ಲುಗಳ ಮೇಲೆ ಉದ್ಧರಣ ಚಿಹ್ನೆಯೊಳಗೆ ಕೆತ್ತಿದ್ದಾರೆ. ಬಂಧುಗಳು ಇದನ್ನು ವಿರೋಧಿಸಿದರು. ಕೊಂದವನ ಮಾತಿಗೆ ಸತ್ತವರ ಕಲ್ಲಿನಲ್ಲಿ ಜಾಗ ಕೊಡಬಾರದಿತ್ತು, ಬಂಧುಗಳದೇ ಸರಿ.

ಇನ್ನೂ ದೊಡ್ಡ ತಕರಾರು ಮ್ಯೂನಿಕ್‌ನಿಂದ ಬಂತು. ಅಲ್ಲಿನ ಯಹೂದಿ ಸಮುದಾಯದ ಮುಖ್ಯಸ್ಥೆ, ಸ್ವತಃ ಬಾಲ್ಯದಲ್ಲಿ ಅಡಗಿ ಬದುಕುಳಿದ ಶಾರ್ಲೊಟ್ಟೆ ಕ್ನೋಬ್ಲೊಖ್, ಸತ್ತವರ ಹೆಸರನ್ನು ಮತ್ತೆ ತುಳಿಯುವಂತಾಗುತ್ತದೆ ಎಂದು ಆಕ್ಷೇಪಿಸಿದರು. ಕಾಗದಕ್ಕೆ ಕಾಲು ತಗುಲಿದರೂ ಕಣ್ಣಿಗೊತ್ತಿಕೊಳ್ಳುವ ನಮಗೆ ಈ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 2004ರಲ್ಲಿ ಮ್ಯೂನಿಕ್ ನಗರಸಭೆ ಸಾರ್ವಜನಿಕ ಜಾಗದಲ್ಲಿ ಈ ಕಲ್ಲುಗಳನ್ನು ನಿಷೇಧಿಸಿ, ಹಾಕಿದ್ದನ್ನೂ ಕೀಳಿಸಿತು. 2015ರಲ್ಲಿ ಅದೇ ನಿಲುವನ್ನು ಎತ್ತಿಹಿಡಿಯಿತು. 2018ರಿಂದ ಅಲ್ಲಿ ಗೋಡೆಯ ಮೇಲೆ ಅಥವಾ ಕಂಬದ ಮೇಲೆ, ಕಣ್ಣಿನ ಎತ್ತರಕ್ಕೆ ಫಲಕ ಹಾಕುತ್ತಾರೆ. ಡೆಮ್ನಿಗ್ ಪರ ಇರುವವರ ಉತ್ತರವೂ ಇದೆ: ಓದಬೇಕಾದರೆ ತಲೆ ತಗ್ಗಿಸಲೇಬೇಕು. ನನ್ನ ಒಲವು ಕಲ್ಲಿನ ಕಡೆಗೇ, ಆದರೆ ಉಳಿದುಬಂದವರ ನೋವಿನ ಎದುರು ಅದನ್ನು ಗಟ್ಟಿಯಾಗಿ ವಾದಿಸಲು ಮನಸ್ಸಾಗುವುದಿಲ್ಲ.

ಕಲ್ಲುಗಳಿಗೆ ಹಗೆಗಳೂ ಇದ್ದಾರೆ. 1938ರ ನವೆಂಬರ್ 9ರ ರಾತ್ರಿ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದಿತ್ತು. ಆ ದಿನದ ಸುಮಾರಿಗೆ 2012ರಲ್ಲಿ ಗ್ರೈಫ್ಸ್‌ವಾಲ್ಡ್ ಊರಿನ ಎಲ್ಲ ಕಲ್ಲುಗಳನ್ನೂ ಕಿತ್ತೊಯ್ದರು. 2017ರ ನವೆಂಬರ್‌ನಲ್ಲಿ ಬರ್ಲಿನ್‌ನ ನೊಯ್‌ಕ್ಯೋಲ್ನ್‌ನಲ್ಲೂ, 2018ರ ಡಿಸೆಂಬರ್‌ನಲ್ಲಿ ಇಟಲಿಯ ರೋಮ್‌ನಲ್ಲೂ ಕೆಲವು ಕಲ್ಲುಗಳ ಕಳವಾಯಿತು. ಜನ ಹಣ ಕೂಡಿಸಿ ಮತ್ತೆ ಹಾಕಿಸಿದರು.

ಹಿತ್ತಾಳೆ ಗಾಳಿ ಮಳೆಗೆ ಕಪ್ಪಾಗುತ್ತದೆ, ವರ್ಷ ಕಳೆದರೆ ಅಕ್ಷರ ಕಾಣದು. ಆದ್ದರಿಂದ ನವೆಂಬರ್ 9ರಂದು ಮತ್ತು ಆಶ್ವಿಟ್ಜ್ ಬಿಡುಗಡೆಯಾದ ಜನವರಿ 27ರಂದು ಅಕ್ಕಪಕ್ಕದವರು ಬಟ್ಟೆ, ಪಾಲಿಶ್ ಹಿಡಿದು ಬಂದು ಉಜ್ಜುತ್ತಾರೆ. ಓದಿಗೋ ಕೆಲಸಕ್ಕೋ ಜರ್ಮನಿಯಲ್ಲಿರುವ ಕನ್ನಡಿಗರು ಈಗ ಬಹಳ. ನೀವಿರುವ ಬೀದಿಯಲ್ಲಿ ಇಂಥ ಕಲ್ಲಿದ್ದರೆ ಹೆಸರು ಓದಿಕೊಳ್ಳಿ. ಬರ್ಲಿನ್, ಹ್ಯಾಂಬರ್ಗ್‌ನಂಥ ಊರುಗಳ ಅಂತರ್ಜಾಲ ಪಟ್ಟಿಗಳಲ್ಲಿ ಎಷ್ಟೋ ಜನರ ಜೀವನ ಕಥೆಯೂ ಸಿಗುತ್ತದೆ. ಬರುವ ನವೆಂಬರ್ 9ರಂದು ನೀವೂ ಒಂದು ಕಲ್ಲನ್ನು ಉಜ್ಜಿ ಬನ್ನಿ.